ಕೆರೆ ಬತ್ತಿಸುವ ವ್ಯಾಪಾರ

ಕಳೆದ ಬೇಸಗೆಯಲ್ಲಿ ನಾವು ನಾಯ್ಮಾರ್ಮೂಲೆಯ ತಂಗಿಯ ಮನೆಯಲ್ಲಿ ನಾಲ್ಕು ದಿನ ಇದ್ದೆವು. ಕಾಸರಗೋಡು ಪೇಟೆಯಿಂದ ವಿದ್ಯಾನಗರ ದಾಟಿ ಚೆಂಗಳದ ಕಡೆಗೆ ಹೋಗುವ ಹೆದ್ದಾರಿಯ ಮೇಲಿನ ಊರು ಅದು. ಭಾವನವರಿಗೆ ಅಲ್ಲಿ ದಿನಸಿ ವ್ಯಾಪಾರ. ಮನೆಯ ಹಿಂದೆ, ಮುರಕಲ್ಲಿನ ಗುಡ್ಡ ಇಳಿದು ಬರುವಲ್ಲಿ, ಹಿರಿಯರ ಕಾಲದ ಒಂದು ಸಣ್ಣ ಕೆರೆಯಿದೆ.

ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದಾಗ ಭಾವನವರು ಮಾತು ತೆಗೆದರು. “ಈ ಕೆರೆಯನ್ನು ಮುಚ್ಚಿ ಗೋದಾಮು ಕಟ್ಟಿಸುವ ಯೋಚನೆಯಿದೆ. ಮಣ್ಣು ತುಂಬಿಸುವವನು ಬಂದು ನೋಡಿಕೊಂಡು ಹೋಗಿದ್ದಾನೆ. ಮಗಳ ಮದುವೆಗೆ ಮೊದಲು ವ್ಯಾಪಾರ ಒಂದು ಹದಕ್ಕೆ ಬರಬೇಕಲ್ಲ? ನೀವೇನು ಹೇಳುತ್ತೀರಿ?”

ನಮಗೆ ತಕ್ಷಣ ಉತ್ತರ ಬರಲಿಲ್ಲ. ಏಕೆಂದರೆ ಈ ವಿಷಯದಲ್ಲಿ ನಾವೇ ತಪ್ಪು ಮಾಡಿದವರು. ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ಮೂಲಮನೆಯ ಬದಿಯಲ್ಲಿದ್ದ ಕೆರೆಯನ್ನು ಅಂಗಡಿ ವಿಸ್ತರಿಸಲೆಂದು ನಾವು ಮುಚ್ಚಿಸಿದೆವು. ಅಂದು ಸಿಹಿ ಹಂಚಿದ್ದೂ ನೆನಪಿದೆ. ಮೂರನೆಯ ವರ್ಷ, ಮಳೆ ಬರುವವರೆಗೂ ನೀರಿರುತ್ತಿದ್ದ ಮನೆಬಾವಿ ಮಹಾವೀರ ಜಯಂತಿಯ ಹೊತ್ತಿಗೇ ತಳ ಕಂಡಿತು. ಆಷಾಢದಲ್ಲಿ, ಕೆರೆಗೆ ಇಳಿಯಬೇಕಾದ ನೀರು ದಾರಿ ಕಾಣದೆ ಅಂಗಡಿಗೆ ನುಗ್ಗಿ ಅಕ್ಕಿಮೂಟೆಗಳನ್ನು ನೆನೆಸಿತು. ಕೊಳವೆಬಾವಿಗೆ, ಟ್ಯಾಂಕರಿಗೆ ತೆತ್ತ ಹಣವನ್ನು ಕಳೆದರೆ ವಿಸ್ತರಿಸಿದ ಅಂಗಡಿಯಿಂದ ಉಳಿದದ್ದೇನೂ ಇಲ್ಲ. “ನೀರು ಸೋಸುವ ಅರಿವೆ ಉಳಿಯಿತು, ಸೋಸಲು ನೀರು ಉಳಿಯಲಿಲ್ಲ” ಎಂದು ನಮ್ಮ ತಾಯಿಯವರು ಆಗ ಹೇಳಿದ ಮಾತು ಇಂದಿಗೂ ಚುಚ್ಚುತ್ತದೆ.

ಆಮೇಲೆ ಶ್ರಾವಕಾಚಾರದ ಪುಸ್ತಕ ತಿರುವುವಾಗ ಒಂದು ಶಬ್ದ ಕಣ್ಣಿಗೆ ಬಿತ್ತು: ‘ಸರಃಶೋಷ’. ಅಂದರೆ ಕೆರೆ ಸರೋವರಗಳನ್ನು ಬತ್ತಿಸುವುದು. ಶ್ರಾವಕನು ಬಿಡಬೇಕಾದ ಹದಿನೈದು ಉದ್ಯೋಗಗಳ ಪಟ್ಟಿಯಲ್ಲಿ ಇದೂ ಒಂದು. ೧೨ನೆಯ ಶತಮಾನದ ಹೇಮಚಂದ್ರಾಚಾರ್ಯರ ‘ಯೋಗಶಾಸ್ತ್ರ’ದಲ್ಲಿ ಈ ಪಟ್ಟಿ ಬರುತ್ತದೆ. ಕಾಡಿಗೆ ಬೆಂಕಿಯಿಡುವುದು, ವಿಷ ಮಾರುವುದು ಇವುಗಳ ಸಾಲಿನಲ್ಲೇ ಕೆರೆ ಬತ್ತಿಸುವುದನ್ನೂ ಇಟ್ಟಿದ್ದಾರೆ. ವ್ಯಾಪಾರವೇ ಕುಲಕಸುಬಾದ ನಾವು ವಿಷ ಮಾರುವುದಿಲ್ಲ. ಆದರೆ ನಿವೇಶನ, ಗೋದಾಮು ಎಂಬ ಹೆಸರಿನಲ್ಲಿ ಕೆರೆಯನ್ನು ಎಷ್ಟು ಸಲೀಸಾಗಿ ಮುಗಿಸಿಬಿಡುತ್ತೇವೆ!

ಮರುದಿನ ಬೆಳಿಗ್ಗೆ ತಂಗಿಯ ಕಿರಿಯ ಮಗಳು ಕೆರೆಯ ಬದಿಗೆ ಕರೆದಳು. ಶಾಲೆಯಲ್ಲಿ ‘ನಮ್ಮೂರಿನ ಜಲಮೂಲ’ ಎಂದು ಬರೆದು ತರಲು ಹೇಳಿದ್ದರಂತೆ. “ಮಾವ, ಕೆರೆಯಲ್ಲಿ ನೀರಿದೆ ಎಂದು ಬರೆದರೆ ಸಾಕಾ?” ಎಂದಳು. ನಾವು ಅಡಿಗೆಮನೆಯಿಂದ ಒಂದು ಬಿಳಿಯ ತಟ್ಟೆ ತರಿಸಿ, ಅದಕ್ಕೆ ಕಲ್ಲಿನ ಭಾರ ಹಾಕಿ ಹಗ್ಗ ಕಟ್ಟಿದೆವು. ೧೮೬೫ರಲ್ಲಿ ಇಟಲಿಯ ಖಗೋಳ ವಿಜ್ಞಾನಿ, ಪಾದ್ರಿ ಸೆಕ್ಕಿ ಎಂಬವರು ಸಮುದ್ರದ ನೀರಿನ ತಿಳಿಯನ್ನು ಅಳೆದದ್ದು ಹೀಗೆಯೇ. ತಟ್ಟೆ ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೋ ಅದೇ ಲೆಕ್ಕ. ಇಂದಿಗೂ ವಿಜ್ಞಾನಿಗಳು ಕೆರೆಗಳಲ್ಲಿ ಇದೇ ವಿಧಾನವನ್ನು ಬಳಸುತ್ತಾರೆ.

ಗುಡ್ಡದ ಬದಿಯಲ್ಲಿ ತಟ್ಟೆ ಮೂರು ಅಡಿಯವರೆಗೆ ಕಂಡಿತು. ಬಟ್ಟೆ ಒಗೆಯುವ ಕಲ್ಲಿನ ಬದಿಯಲ್ಲಿ ಒಂದೇ ಅಡಿಗೆ ಮರೆಯಾಯಿತು. ಅಲ್ಲಿನ ನೀರು ಹಸಿರು. “ಒಂದೇ ಕೆರೆ, ಎರಡು ಬಣ್ಣ ಯಾಕೆ ಮಾವ?” ಎಂದು ಮಗು ಕೇಳಿತು.

ಕೆರೆಯೆಂದರೆ ಬರಿಯ ನೀರಲ್ಲ, ಅದೊಂದು ಕೂಡುಕುಟುಂಬ. ಬಿಸಿಲು ತಾಗುವ ಮೇಲುನೀರಿನಲ್ಲಿ ಕಣ್ಣಿಗೆ ಕಾಣದ ಪಾಚಿ ಬೆಳೆಯುತ್ತದೆ. ಅದನ್ನು ಸೂಕ್ಷ್ಮ ಜೀವಿಗಳು, ಅವುಗಳನ್ನು ಮೀನುಗಳು, ಮೀನನ್ನು ಮಿಂಚುಳ್ಳಿ ನಂಬಿ ಬದುಕುತ್ತವೆ. ಬಿದ್ದ ಎಲೆ, ಸತ್ತ ಜೀವ ಎಲ್ಲವನ್ನೂ ತಳದ ಕೆಸರಿನ ಜೀವಿಗಳು ಮತ್ತೆ ಗೊಬ್ಬರವಾಗಿಸುತ್ತವೆ. ಈ ಸಂಸಾರಕ್ಕೆ ರಂಜಕ ಬೇಕು, ಆದರೆ ಚಿಟಿಕೆಯಷ್ಟು ಮಾತ್ರ. ಸಾಬೂನಿನ ಪುಡಿ, ಬಚ್ಚಲ ನೀರು, ತೋಟದ ರಸಗೊಬ್ಬರಗಳಿಂದ ಅದು ಹೆಚ್ಚಾದರೆ ಪಾಚಿ ಹುಚ್ಚೆದ್ದು ಬೆಳೆಯುತ್ತದೆ. ಒಂದು ಕಿಲೋ ರಂಜಕ ಐನೂರು ಕಿಲೋದಷ್ಟು ಹಸಿ ಪಾಚಿಯನ್ನು ಬೆಳೆಸಬಲ್ಲದು. ರಾತ್ರಿಯಲ್ಲಿ ಪಾಚಿಯೂ ಉಸಿರಾಡುತ್ತದೆ, ಸತ್ತ ಪಾಚಿ ಕೊಳೆಯುವಾಗಲೂ ಆಮ್ಲಜನಕ ಖರ್ಚಾಗುತ್ತದೆ. ಬೆಳಗಿನ ಜಾವ ಮೀನುಗಳು ಸತ್ತು ತೇಲುವುದು ಇದರಿಂದ. ಕೊಲ್ಲುವ ಉದ್ದೇಶ ಯಾರಿಗೂ ಇರಲಿಲ್ಲ. ಆದರೂ ಹಿಂಸೆ ನಡೆದುಹೋಯಿತು.

ಈ ಸಂಗತಿ ಜಗತ್ತಿಗೆ ಮನದಟ್ಟಾದದ್ದು ಒಂದೇ ಒಂದು ಛಾಯಾಚಿತ್ರದಿಂದ. ೧೯೭೩ರಲ್ಲಿ ಕೆನಡಾದ ಒಂಟಾರಿಯೋದಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ೨೨೬ ಎಂಬ ಸಂಖ್ಯೆಯ ಸರೋವರಕ್ಕೆ ನಡುವೆ ಪರದೆ ಕಟ್ಟಿದರು. ಎರಡು ಭಾಗಕ್ಕೂ ಇಂಗಾಲ ಮತ್ತು ಸಾರಜನಕ ಹಾಕಿ, ಒಂದಕ್ಕೆ ಮಾತ್ರ ರಂಜಕ ಸೇರಿಸಿದರು. ಆ ಭಾಗವಷ್ಟೇ ಹಸಿರಾಯಿತು. ಆಕಾಶದಿಂದ ತೆಗೆದ ಆ ಚಿತ್ರವನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಆ ದಶಕದಲ್ಲಿ ಕೆನಡಾದಲ್ಲಿಯೂ ಅಮೆರಿಕದ ಹಲವು ರಾಜ್ಯಗಳಲ್ಲಿಯೂ ಸಾಬೂನು ಪುಡಿಯ ರಂಜಕಕ್ಕೆ ಮಿತಿ ಹಾಕಿದರು. ನಮ್ಮ ಹುಡುಗಿ ಅಂದು ಕಂಡದ್ದೂ ಅಂಥ ಒಂದು ಚಿತ್ರವನ್ನೇ.

ಇನ್ನು ಬಾವಿಯ ವಿಷಯ. ಕಾಸರಗೋಡಿನ ಮಳೆಗೆ ಕೊರತೆಯಿಲ್ಲ. ಆದರೆ ಮುರಕಲ್ಲಿನ ಇಳಿಜಾರು ನೆಲದಲ್ಲಿ ಬಿದ್ದ ಮಳೆ ನಿಲ್ಲದೆ ಬೇಗನೆ ಸಮುದ್ರ ಸೇರುತ್ತದೆ. ಅದಕ್ಕೇ ಹಿರಿಯರು ಗುಡ್ಡದ ನೆತ್ತಿಯ ಪಳ್ಳಗಳನ್ನು ಉಳಿಸಿದರು, ಇಳಿಜಾರಿಗೆ ಕಟ್ಟ ಕಟ್ಟಿ ಮದಕ ಮಾಡಿದರು, ಗುಡ್ಡದ ಒಡಲು ಕೊರೆದು ಸುರಂಗದ ನೀರು ತಂದರು. ಮೇಲೆ ನಿಂತ ನೀರು ಮೆಲ್ಲಗೆ ಇಂಗಿ ಕೆಳಗಿನ ಬಾವಿಗಳನ್ನು ತುಂಬುತ್ತದೆ. ಚೆಂಗಳ ಪಂಚಾಯತು ಸೇರಿದ ಕಾಸರಗೋಡು ಬ್ಲಾಕನ್ನು ೨೦೨೦ರ ಅಂತರ್ಜಲ ಲೆಕ್ಕಾಚಾರದಲ್ಲಿ ‘ಗಂಭೀರ’ ವರ್ಗಕ್ಕೆ ಸೇರಿಸಿದ್ದರು. ಇಷ್ಟು ಮಳೆ ಬೀಳುವ ನಾಡಿಗೆ ಈ ಗತಿ ಬಂದದ್ದು ಯಾಕೆಂದು ಪ್ರತಿ ಮನೆಯವರೂ ಕೇಳಿಕೊಳ್ಳಬೇಕು. ಕೇರಳದಲ್ಲಿ ಗದ್ದೆ ಮತ್ತು ಜೌಗುನೆಲ ಮುಚ್ಚುವುದಕ್ಕೆ ೨೦೦೮ರ ಕಾಯಿದೆಯ ತಡೆಯಿದೆ. ಆದರೆ ಮನೆಯವರಿಗೇ ಬೇಡವಾದ ಕೆರೆಯನ್ನು ಕಾಯಿದೆ ಎಷ್ಟು ದಿನ ಕಾದೀತು?

ಆದ್ದರಿಂದ ಕೆರೆಯ ಶಿಕ್ಷಣ ಮನೆಯಿಂದಲೇ ಆರಂಭವಾಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನಡೆಸುವ ಕೆರೆ ಸಮ್ಮೇಳನ ೨೦೧೬ರ ಡಿಸೆಂಬರಿನಲ್ಲಿ ನಮ್ಮ ಮೂಡುಬಿದಿರೆಯಲ್ಲೇ ನಡೆಯಿತು. ಈ ಸಮ್ಮೇಳನಗಳಲ್ಲಿ ಶಾಲಾ ಮಕ್ಕಳೂ ವಿಜ್ಞಾನಿಗಳ ಮುಂದೆ ತಮ್ಮೂರಿನ ನೀರಿನ ಅಧ್ಯಯನವನ್ನು ಓದುತ್ತಾರೆ. ನಮ್ಮ ಮಕ್ಕಳೂ ಓದಲಿ. ವರಂಗದ ಕೆರೆ ಬಸದಿಗೆ ದೋಣಿಯಲ್ಲಿ ಹೋಗುವಾಗ, ಬಿಳಿಯ ಕೊಳದಿಂದಲೇ ಹೆಸರು ಪಡೆದ ಶ್ರವಣಬೆಳಗೊಳದಲ್ಲಿ ಕಲ್ಯಾಣಿಯ ಮೆಟ್ಟಿಲಲ್ಲಿ ಕೂರುವಾಗ, ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಮಕ್ಕಳಿಗೆ ತೋರಿಸೋಣ. ತಿಂಗಳಿಗೊಮ್ಮೆ ತಟ್ಟೆ ಇಳಿಸಿ ಅಂಗಡಿಯ ಲೆಕ್ಕದ ಪುಸ್ತಕದಂತೆ ಒಂದು ಕೆರೆಯ ಪುಸ್ತಕ ಬರೆಸೋಣ. ಒಗೆಯುವ ಕಲ್ಲನ್ನು ಕೆರೆಯಿಂದ ದೂರಕ್ಕೆ ಸರಿಸಿ ಆ ನೀರನ್ನು ಬಾಳೆಯ ಬುಡಕ್ಕೆ ತಿರುಗಿಸೋಣ. ಬೇಸಗೆಯಲ್ಲಿ ಹೂಳೆತ್ತಿ ಅಡಿಕೆ ತೋಟಕ್ಕೆ ಹಾಕೋಣ. ದಡಕ್ಕೆ ಸುತ್ತಲೂ ಸಿಮೆಂಟು ಬಳಿಯದೆ ಕಪ್ಪೆಗೂ ಏರಿಬರಲು ಒಂದಿಷ್ಟು ಮಣ್ಣು ಬಿಡೋಣ.

ನೀರು ಸೋಸಿದ ಮೇಲೆ ಅರಿವೆಯಲ್ಲಿ ಉಳಿದ ಜೀವಗಳನ್ನು, ನೀರು ತಂದ ಬಾವಿಗೇ ಮರಳಿ ಬಿಡಬೇಕೆಂಬುದು ನಮ್ಮ ಅಜ್ಜಿಯಂದಿರ ಪದ್ಧತಿ. ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ಬದುಕಲಾರದು ಎಂದು ಅವರು ತಿಳಿದಿದ್ದರು. ಮರಳಿ ಬಿಡಲು ನೀರೇ ಇಲ್ಲದಿದ್ದರೆ ಸೋಸಿ ಫಲವೇನು?

ಇದನ್ನೆಲ್ಲ ಭಾವನವರಿಗೆ ಹೇಳಿದೆವು, ನಮ್ಮ ಮೂಲಮನೆಯ ಖರ್ಚಿನ ಲೆಕ್ಕವನ್ನೂ ಕೊಟ್ಟೆವು. ಅವರು ಅಂದು ಏನೂ ಹೇಳಲಿಲ್ಲ. ಕಳೆದ ವಾರ ತಂಗಿಯಿಂದ ಪತ್ರ ಬಂದಿದೆ. ಗೋದಾಮು ರಸ್ತೆಯ ಬದಿಯಲ್ಲಿ, ಅಂದುಕೊಂಡದ್ದರ ಅರ್ಧ ಅಳತೆಯಲ್ಲಿ ಏಳುತ್ತಿದೆಯಂತೆ. ಒಗೆಯುವ ಕಲ್ಲು ಬಾಳೆಯ ಬುಡಕ್ಕೆ ಹೋಗಿದೆಯಂತೆ. ಪತ್ರದ ಕೊನೆಗೆ ಮಗು ತನ್ನ ಅಕ್ಷರದಲ್ಲಿ ಸೇರಿಸಿದೆ: “ಮಾವ, ಕಲ್ಲಿನ ಬದಿಯಲ್ಲಿ ಈಗ ತಟ್ಟೆ ಒಂದೂವರೆ ಅಡಿಯವರೆಗೆ ಕಾಣುತ್ತದೆ.”