ಕೊಡಲಿಯ ಕಾವಿಗೂ ಬೆಂಕಿಗೂ ನಂಟಿಲ್ಲ

ಕೊಡಲಿಯ ‘ಕಾವು’, ಅಂದರೆ ಮರದ ಹಿಡಿ, ಕುಲುಮೆಯ ಕಾವಿನಿಂದಲೇ ಹುಟ್ಟಿದ ಪದ ಎಂಬ ವಾದವೊಂದು ಅಚ್ಚಾಗಿದೆ. ಕೇಳಲು ಚೆಂದ, ಆದರೆ ತಪ್ಪು.

ಕಾವು ಹಾಕುವುದನ್ನು ಕಂಡವರಿಗೆ ಗೊತ್ತು: ತಣ್ಣಗಿನ ಕೊಡಲಿಯ ತೂತಿಗೆ ಮರ ತೂರಿಸಿ ಬೆಣೆ ಬಡಿಯುತ್ತಾರೆ, ಸಡಿಲವಾದರೆ ನೀರಲ್ಲಿ ನೆನೆಹಾಕುತ್ತಾರೆ. ಕೆಂಪಗೆ ಕಾದ ಕಬ್ಬಿಣಕ್ಕೆ ತೂರಿಸಿದರೆ ಮರ ಸುಟ್ಟು ಹಿಡಿತವೇ ತಪ್ಪೀತು. ‘ಕೊಡಲಿ ಕಾವು ಕುಲಕ್ಕೆ ಸಾವು’ ಎನ್ನುವ ಗಾದೆಯೂ ನೆನೆಯುವುದು ಮರದ ಕುಲವನ್ನೇ, ಬೆಂಕಿಯನ್ನಲ್ಲ.

ಪದದ ಬಳಗ ಇರುವುದು ಗಿಡದ ಕಡೆ. ತಮಿಳಿನ ‘ಕಾಂಬು’ ಹೂವಿನ ತೊಟ್ಟೂ ಹೌದು, ಹತಾರದ ಹಿಡಿಯೂ ಹೌದು. ತೆಲುಗಿನ ‘ಕಾಮ’ ದಂಟೂ ಹೌದು, ಕೊಡೆಯ ಕೋಲೂ ಹೌದು. ಕನ್ನಡದಲ್ಲೇ ‘ಕಾಮು’ ಎಂಬ ರೂಪವಿದೆ. ಬರೋ ಮತ್ತು ಎಮೆನೊ ತಮ್ಮ ದ್ರಾವಿಡ ನಿಷ್ಪತ್ತಿ ಕೋಶದಲ್ಲಿ ಇವನ್ನೆಲ್ಲ ಒಂದೇ ಗುಂಪಿಗೆ ಸೇರಿಸಿದ್ದಾರೆ.

ಬಿಸಿ ಎನ್ನುವ ಕಾವು ‘ಕಾಯ್’ ಧಾತುವಿನದು. ಉಲಿ ಒಂದೇ, ಮನೆತನ ಬೇರೆ.