ಅಂಗಳದ ಅಡಿಕೆಗೆ ಕ್ಯಾಮರಾ ಕಾವಲು

ಅಡಿಕೆ ಅಂಗಳದಲ್ಲಿ ಒಣಗಲು 40 ದಿನಗಳಾದರೂ ಬೇಕು. ಅಷ್ಟು ರಾತ್ರಿ ನಿದ್ದೆಗೆಟ್ಟು ಕಾಯುವುದು ಯಾರಿಂದ ಸಾಧ್ಯ? ಕಾಸರಗೋಡಿನ ಕಡೆಯ ನಮ್ಮ ಕೃಷಿಕ ಬಂಧುಗಳು ಕ್ಯಾಮರಾ ಇಡುವುದು ಸರಿಯೆ. ಆದರೆ ಅಗ್ಗವೆಂದು ಕೋಣೆಯೊಳಗಿನ ಕ್ಯಾಮರಾ ತಂದು, ಪ್ಲಾಸ್ಟಿಕ್ ತೊಟ್ಟೆ ಸುತ್ತಿ ಕಂಬಕ್ಕೆ ಕಟ್ಟುವುದನ್ನು ನಾವು ಒಪ್ಪಲಾರೆವು.

ನೀರು ಹೊರಗಿನಿಂದಲೇ ಬರಬೇಕೆಂದಿಲ್ಲ. ಬಿಗಿದು ಕಟ್ಟಿದ ತೊಟ್ಟೆಯೊಳಗಿನ ತೇವವೇ ಹನಿಯಾಗಿ ಇಳಿಯುತ್ತದೆ. ಬಿಸಿಲಿಗೆ ಯಂತ್ರ ಬೇಯುತ್ತದೆ. ಇಂಥವು ಸಾಮಾನ್ಯವಾಗಿ 40 ಡಿಗ್ರಿಯವರೆಗೆ ಮಾತ್ರ ತಾಳುವಂಥವು. ರಾತ್ರಿಯಂತೂ ಅದರ ಅತಿಗೆಂಪು ಬೆಳಕು ಪ್ಲಾಸ್ಟಿಕಿಗೆ ಬಡಿದು ಮರಳಿ, ಚಿತ್ರವೆಲ್ಲ ಬರೇ ಬಿಳುಪು. ಕಳ್ಳನಿಗೆ ಇದಕ್ಕಿಂತ ದೊಡ್ಡ ಉಪಕಾರವುಂಟೆ?

ಕೊಂಡದ್ದಾಗಿದ್ದರೆ ಅದನ್ನು ಚಾವಡಿಯ ಮಾಡಿನಡಿ, ಇರಿಚಲು ತಾಗದಷ್ಟು ಒಳಗೆ, ಮುಂದೆ ಯಾವ ಮರೆಯೂ ಇಲ್ಲದಂತೆ ಇಡತಕ್ಕದ್ದು. ವಯರು ಕ್ಯಾಮರಾಕ್ಕಿಂತ ಕೆಳಗೆ ಒಮ್ಮೆ ಜೋತು ಮತ್ತೆ ಮೇಲೇರಲಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕುವುದು. ಕರೆಂಟಿನ ಅಡಾಪ್ಟರು ಮನೆಯೊಳಗೇ ಇರಬೇಕು, ಇದರಲ್ಲಿ ರಾಜಿ ಸಲ್ಲದು. ಜೇಡನ ಬಲೆಯನ್ನು ಆಗಾಗ ಗುಡಿಸುವ ಕೆಲಸ ಮಕ್ಕಳದ್ದಾಗಲಿ.

ತೋಟದ ನಡುವೆ, ತೆರೆದ ಬಯಲಿಗೆ ಬೇಕಾದವರು ‘ಐಪಿ 66’ ಗುರುತಿನದನ್ನೇ ಕೊಳ್ಳಲಿ. ಮೊದಲ 6 ಧೂಳಿನ ತಡೆಗೆ, ಎರಡನೆಯದು ರಭಸದ ನೀರಿನ ತಡೆಗೆ. ಅಂಗಡಿಯವನ ಬಾಯಿಮಾತು ಸಾಲದು. ಪೆಟ್ಟಿಗೆಯ ಮೇಲೆ ಆ ಗುರುತನ್ನು ಓದಿಯೇ ಹಣ ಕೊಡಿರಿ.