ಹಿಮಪೆಟ್ಟಿಗೆಯ ಮೀನಿಗೆ ವಯಸ್ಸೆಷ್ಟು?

ಕಡಲ ಅಂಚಿನ ಊರುಗಳಲ್ಲಿ ಮೀನು ಕೊಳ್ಳುವುದು ಕಣ್ಣಿನ ಕೆಲಸ. ಮಲ್ಪೆಯಲ್ಲಾಗಲಿ ಮಂಗಳೂರಿನಲ್ಲಾಗಲಿ ಗೃಹಿಣಿಯು ಬುಟ್ಟಿಯ ಮುಂದೆ ಕುಳಿತು ಕಿವಿರನ್ನು ಬಿಡಿಸಿ ನೋಡುತ್ತಾಳೆ. ಕೆಂಪಾಗಿದ್ದರೆ ಚೌಕಾಸಿಗೆ ತೊಡಗುತ್ತಾಳೆ. ಕಂದಿದ್ದರೆ ಮಾತಿಲ್ಲದೆ ಮುಂದಿನ ಬುಟ್ಟಿಗೆ ಸರಿಯುತ್ತಾಳೆ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಬೆರಳಿನಿಂದ ಒತ್ತಿದ ಕುಳಿ ಕ್ಷಣದಲ್ಲಿ ಮುಚ್ಚಬೇಕು ಎಂಬ ವಿದ್ಯೆಯನ್ನು ಅಲ್ಲಿನ ಹೆಣ್ಣುಮಕ್ಕಳು ಶಾಲೆಗೆ ಹೋಗುವ ಮೊದಲೇ ಕಲಿತಿರುತ್ತಾರೆ.

ಮಹಾರಾಷ್ಟ್ರದ ಗಡಿಗೆ ತಾಗಿರುವ ಬೀದರ ಜಿಲ್ಲೆಯ ಕಮಲನಗರದಲ್ಲಿ ಈ ವಿದ್ಯೆ ಅರ್ಧಕ್ಕೇ ನಿಂತುಬಿಡುತ್ತದೆ. ಕಾರಂಜಾ ಜಲಾಶಯದ ಕಾಟ್ಲಾ, ರೋಹುಗಳ ಮಟ್ಟಿಗೆ ಅದು ಸಲ್ಲುತ್ತದೆ. ಆದರೆ ಬಂಗಡೆ, ಸಿಗಡಿ, ಪಾಂಪ್ಲೆಟ್, ಮಂಗಳೂರಿಗರು ಅಂಜಲ್ ಎಂದೂ ಮರಾಠಿ ಬಲ್ಲವರು ಸುರಮಯಿ ಎಂದೂ ಕರೆಯುವ ಮೀನು, ಇವೆಲ್ಲ ಕಲ್ಲಿನಂತೆ ಗಟ್ಟಿಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತವೆ. ತುಂಡಿಗೆ ಕಿವಿರಿಲ್ಲ, ಕಣ್ಣಿಲ್ಲ. ಬೆರಳಿಗೆ ಸಿಕ್ಕುವುದು ಬರೀ ಬರಫ. ಹಬ್ಬಕ್ಕೋ ಅಳಿಯ ಬರುವನೆಂದೋ ಬೀದರಿನಿಂದ ಅಥವಾ ಹೈದರಾಬಾದಿನಿಂದ ತಂದಿಟ್ಟ ಪೊಟ್ಟಣವೊಂದು ಬಟಾಣಿಯ ಚೀಲದ ಕೆಳಗೆ ಸೇರಿಹೋಗುತ್ತದೆ. ಆರೇಳು ತಿಂಗಳ ಮೇಲೆ ಪೆಟ್ಟಿಗೆಯನ್ನು ತೊಳೆಯುವಾಗ ಅದು ಹೊರಬೀಳುತ್ತದೆ. ಆಗ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ.

ಹಿರಿಯರ ಪಕ್ಷವು, “ಬರಫಿನಾಗ ಇದ್ದಿದ್ದು ಹ್ಯಾಂಗ ಕೆಡ್ತದ?” ಎಂದು ಕೇಳುತ್ತದೆ. ಐನೂರು ರೂಪಾಯಿ ಕೊಟ್ಟು ತಂದದ್ದನ್ನು ತಿಪ್ಪೆಗೆ ಹಾಕುವುದೆಂದರೆ ಅವರ ಹೊಟ್ಟೆ ಉರಿಯುವುದು ಸಹಜವೇ. ಕಿರಿಯರ ಪಕ್ಷವು, “ಇಷ್ಟು ದಿನ ಆಗ್ಯಾವ, ಬ್ಯಾಡ್ರಿ ಅತ್ತಿ” ಎನ್ನುತ್ತದೆ. ಎರಡೂ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ತಿಳಿಯದೆ ಹೋದರೆ ಒಳ್ಳೆಯ ಅನ್ನ ವ್ಯರ್ಥವಾಗಬಹುದು. ಅಥವಾ ಮನೆಯ ಮಗುವೊಂದು ರಾತ್ರಿಯೆಲ್ಲ ವಾಂತಿ ಮಾಡಿಕೊಳ್ಳಬಹುದು.

ಮೊದಲು ಹಿರಿಯರ ಮಾತನ್ನು ನೋಡೋಣ. ಮೀನನ್ನು ಕೊಳೆಯಿಸುವುವು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು. ಶೈತ್ಯವು ಮೈನಸ್ 18 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಅವುಗಳ ಬೆಳವಣಿಗೆ ನಿಂತುಹೋಗುತ್ತದೆ. ಹೆಪ್ಪುಗಟ್ಟಿಸಿದ ಆಹಾರಕ್ಕೆ ಜಗತ್ತಿನಾದ್ಯಂತ ಒಪ್ಪಿರುವ ಅಂಕೆ ಇದೇ; ಭಾರತದಲ್ಲಿ ಮಾರುವ ಪೊಟ್ಟಣಗಳ ಮೇಲೂ ಇದನ್ನೇ ಮುದ್ರಿಸಿರುತ್ತಾರೆ. ಒಳ್ಳೆಯ ಮೀನನ್ನು ಈ ಶೈತ್ಯದಲ್ಲಿ ಒಂದು ದಿನವೂ ತಪ್ಪದೆ ಇಟ್ಟಿದ್ದರೆ, ವರ್ಷ ಕಳೆದರೂ ಅದು ರೋಗಕ್ಕೆ ಕಾರಣವಾಗುವುದಿಲ್ಲ. ಇಷ್ಟರ ಮಟ್ಟಿಗೆ ಅತ್ತೆಯವರ ಮಾತು ಸರಿ.

ಆದರೆ ಬ್ಯಾಕ್ಟೀರಿಯ ನಿಂತಿತೆಂದರೆ ಎಲ್ಲವೂ ನಿಂತಂತಲ್ಲ. ಮೀನಿನ ಮೈಯಲ್ಲಿರುವ ನೀರು ಒಮ್ಮೆಗೇ ಗಟ್ಟಿಯಾಗುವುದಿಲ್ಲ. ಮೈನಸ್ 5 ಡಿಗ್ರಿಯಲ್ಲಿ ಐದರಲ್ಲಿ ಒಂದು ಪಾಲು ನೀರು ದ್ರವವಾಗಿಯೇ ಉಳಿಯುತ್ತದೆ. ಮೈನಸ್ 30ರಲ್ಲಿಯೂ ಹತ್ತರಲ್ಲಿ ಒಂದು ಪಾಲಿನಷ್ಟು ಉಳಿದಿರುತ್ತದೆ. ಆ ಉಳಿದ ನೀರಿನಲ್ಲಿ ಮೀನಿನದೇ ಕಿಣ್ವಗಳು ಮೆಲ್ಲಗೆ ಕೆಲಸ ಮಾಡುತ್ತಲೇ ಇರುತ್ತವೆ. ಗಾಳಿಯ ಆಮ್ಲಜನಕವು ಮೀನಿನ ಕೊಬ್ಬನ್ನು ಕೆಡಿಸುತ್ತಲೇ ಇರುತ್ತದೆ. ಹಳೆಯ ಕೊಬ್ಬರಿ ಕಮಟು ಹಿಡಿಯುವಂತೆ ಮೀನೂ ಕಮಟು ಹಿಡಿಯುತ್ತದೆ. ಇಷ್ಟರ ಮಟ್ಟಿಗೆ ಸೊಸೆಯ ಮಾತೂ ಸರಿ.

ಆದಕಾರಣ ಎಲ್ಲ ಮೀನಿಗೂ ಒಂದೇ ಗಡುವು ಸಲ್ಲದು. ಬಂಗಡೆ, ಭೂತಾಯಿಗಳಂಥ ಕೊಬ್ಬಿನ ಮೀನುಗಳನ್ನು ಎರಡು ಮೂರು ತಿಂಗಳೊಳಗೆ ಬಳಸಿ ಮುಗಿಸುವುದು ಲೇಸು. ಕೊಬ್ಬು ಕಡಿಮೆಯಿರುವ ಬಿಳಿ ಮಾಂಸದ ಮೀನು ಆರರಿಂದ ಎಂಟು ತಿಂಗಳು ರುಚಿಗೆಡದೆ ಇರಬಲ್ಲುದು. ಸಿಗಡಿಯು ಆರು ತಿಂಗಳಿಗೂ ಹೆಚ್ಚು ಬಾಳುತ್ತದೆ. ಬೇಯಿಸಿ ಇಟ್ಟ ಮೀನಿಗೆ ನಾಲ್ಕು ತಿಂಗಳು ಸಾಕು. ಇವು ರುಚಿಯ ಗಡುವುಗಳೇ ಹೊರತು ಪ್ರಾಣದ ಗಡುವುಗಳಲ್ಲ. ಅದೂ ಮೈನಸ್ 18 ಡಿಗ್ರಿಯ ಮಾತು.

ಮನೆಯ ಪೆಟ್ಟಿಗೆ ಅಷ್ಟು ತಣ್ಣಗಿದೆಯೆ ಎಂಬುದೇ ಮುಖ್ಯ ಪ್ರಶ್ನೆ. ಎರಡು ಬಾಗಿಲಿನ ರೆಫ್ರಿಜರೇಟರಿನ ಮೇಲಂತಸ್ತು ಸಾಮಾನ್ಯವಾಗಿ ಆ ಮಟ್ಟವನ್ನು ಮುಟ್ಟುತ್ತದೆ. ಒಂದೇ ಬಾಗಿಲಿನ ಪೆಟ್ಟಿಗೆಯೊಳಗಿನ ಚಿಕ್ಕ ಬರಫದ ಅರೆ ಹಲವು ವೇಳೆ ಮುಟ್ಟುವುದಿಲ್ಲ. ಅದರ ಮೇಲೆ ನಕ್ಷತ್ರದ ಗುರುತುಗಳಿದ್ದರೆ ಗಮನಿಸಬೇಕು: ಒಂದು ನಕ್ಷತ್ರಕ್ಕೆ ಮೈನಸ್ 6, ಎರಡಕ್ಕೆ ಮೈನಸ್ 12, ಮೂರಕ್ಕೆ ಮೈನಸ್ 18. ಒಂದು ನಕ್ಷತ್ರದ ಅರೆಯಲ್ಲಿ ಮೀನನ್ನು ಒಂದು ವಾರ, ಎರಡು ನಕ್ಷತ್ರದ್ದರಲ್ಲಿ ಒಂದು ತಿಂಗಳು ಇಡಬಹುದು. ವಿದ್ಯುತ್ ಉಳಿತಾಯವನ್ನು ಸೂಚಿಸಲು ಬಾಗಿಲಿಗೆ ಅಂಟಿಸುವ ನಕ್ಷತ್ರಗಳು ಬೇರೆ; ಅವನ್ನು ಇವುಗಳೊಡನೆ ಬೆರೆಸಬಾರದು.

ಈ ವಿದ್ಯೆಯ ಇತಿಹಾಸವೂ ಸ್ವಾರಸ್ಯವಾದುದು. 1912ರ ಅನಂತರ ಕೆಲವು ವರ್ಷ ಕೆನಡದ ಈಶಾನ್ಯದ ಲ್ಯಾಬ್ರಡಾರ್ ಪ್ರಾಂತದಲ್ಲಿದ್ದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕನನು, ಅಲ್ಲಿನ ಮೂಲನಿವಾಸಿಗಳು ಹಿಡಿದ ಮೀನು ಕೊರೆಯುವ ಗಾಳಿಗೆ ಕೂಡಲೇ ಗಟ್ಟಿಯಾಗುವುದನ್ನೂ, ತಿಂಗಳುಗಳ ಮೇಲೆ ಕರಗಿಸಿದರೂ ತಾಜಾ ಮೀನಿನಂತೆಯೇ ಇರುವುದನ್ನೂ ಕಂಡನು. ಬೇಗ ಹೆಪ್ಪುಗಟ್ಟಿದರೆ ಮಾಂಸದೊಳಗಿನ ಹಿಮದ ಹರಳುಗಳು ಸಣ್ಣವಾಗಿರುತ್ತವೆ. ನಿಧಾನವಾದರೆ ದೊಡ್ಡವಾಗಿ ಬೆಳೆದು ಮಾಂಸದ ಎಳೆಗಳನ್ನು ಹರಿಯುತ್ತವೆ. ಈ ತತ್ತ್ವದ ಮೇಲೆ ಆತನು 1920ರ ದಶಕದಲ್ಲಿ ಉದ್ಯಮವನ್ನೇ ಕಟ್ಟಿದನು. ನಮ್ಮ ದೇಶದಲ್ಲಿ 1953ರಲ್ಲಿ ಕೊಚ್ಚಿಯಿಂದ ಹೆಪ್ಪುಗಟ್ಟಿಸಿದ ಸಿಗಡಿಯ ರಫ್ತು ಮೊದಲಾಯಿತು. ಅದೇ ಕಾಲದಲ್ಲಿ ಕೇರಳದ ನೀಂಡಕರದಲ್ಲಿ ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆಯು 1960ರ ದಶಕದಲ್ಲಿ ನಮ್ಮ ಕಾರವಾರಕ್ಕೂ ಬಂದಿತು. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಮಂಗಳೂರಿನಲ್ಲಿ ತೆರೆಯಿತು. ಕಡಲ ಮಗ್ಗುಲಿನ ಆ ಕಾಲೇಜು ಇಂದು ಸೇರಿರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನವು ಕಡಲನ್ನೇ ಕಾಣದ ಬೀದರ! ಮೀನಿನ ಶಾಸ್ತ್ರವು ಬೀದರಿನವರಿಗೆ ಪರಕೀಯವೆಂದು ಇನ್ನು ಯಾರೂ ಹೇಳುವಂತಿಲ್ಲ.

ಕಾರ್ಖಾನೆಯಲ್ಲಿ ಚೆನ್ನಾಗಿ ಹೆಪ್ಪುಗಟ್ಟಿಸಿದ ಮೀನು ಕೆಡುವುದು ಬಹುಮಟ್ಟಿಗೆ ದಾರಿಯಲ್ಲಿ ಮತ್ತು ಮನೆಯಲ್ಲಿ. ಹೈದರಾಬಾದಿನಲ್ಲಿ ಕೊಂಡ ಪೊಟ್ಟಣವು ಬೀದರ, ಭಾಲ್ಕಿಗಳನ್ನು ದಾಟಿ ರೈಲಿನಲ್ಲಿ ಕಮಲನಗರಕ್ಕೆ ಬರುವಷ್ಟರಲ್ಲಿ ಹಲವು ಗಂಟೆಗಳು ಕಳೆಯುತ್ತವೆ. ಕೈಚೀಲದಲ್ಲಿ ಬಂದರೆ ಅದು ದಾರಿಯಲ್ಲಿಯೇ ಕರಗಿ, ಮನೆಯಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಬೇಸಗೆಯಲ್ಲಿ ಕರೆಂಟು ಹೋದಾಗಲೂ ಇದೇ ಕಥೆ. ಬಾಗಿಲನ್ನು ತೆರೆಯದೆ ಇದ್ದರೆ ತುಂಬಿದ ಹಿಮಪೆಟ್ಟಿಗೆಯು ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ಶೈತ್ಯವನ್ನು ಉಳಿಸಿಕೊಳ್ಳುತ್ತದೆ. “ಇನ್ನೂ ತಣ್ಣಗಿದೆಯೋ ಇಲ್ಲವೋ” ಎಂದು ಗಳಿಗೆಗೊಮ್ಮೆ ತೆರೆದು ನೋಡುವವರು ಆ ಶೈತ್ಯವನ್ನು ತಾವೇ ಹೊರಗಟ್ಟುತ್ತಾರೆ.

ಮನೆಯವರು ಊರಿಗೆ ಹೋಗಿದ್ದಾಗ ಕರೆಂಟು ಹೋಗಿ ಬಂದರೆ ತಿಳಿಯುವುದು ಹೇಗೆ? ಇದಕ್ಕೊಂದು ಸುಲಭೋಪಾಯವಿದೆ. ಒಂದು ಬಟ್ಟಲು ನೀರನ್ನು ಹಿಮಪೆಟ್ಟಿಗೆಯಲ್ಲಿಟ್ಟು ಗಟ್ಟಿಯಾದ ಮೇಲೆ ಅದರ ಮೇಲೊಂದು ನಾಣ್ಯವನ್ನಿಡಬೇಕು. ಹಿಂದಿರುಗಿ ಬಂದಾಗ ನಾಣ್ಯವು ಮೇಲೆಯೇ ಇದ್ದರೆ ಚಿಂತೆಯಿಲ್ಲ. ತಳಕ್ಕಿಳಿದಿದ್ದರೆ, ಬರಫ ಪೂರ್ತಿ ಕರಗಿ ಮತ್ತೆ ಗಟ್ಟಿಯಾಯಿತೆಂದು ತಿಳಿದು, ಒಳಗಿನ ಮೀನನ್ನು ಮರುಮಾತಿಲ್ಲದೆ ಬಿಡಬೇಕು. ಅರ್ಧಕ್ಕಿಳಿದಿದ್ದರೂ ಸಂಶಯಕ್ಕೆ ಎಡೆಯುಂಟು.

ಇನ್ನು ಕೈಗೆ ಸಿಕ್ಕ ಹಳೆಯ ಪೊಟ್ಟಣದ ಪರೀಕ್ಷೆ. ಮೊದಲನೆಯದಾಗಿ ಮುದ್ರಿತ ದಿನಾಂಕವನ್ನು ನೋಡಬೇಕು; ಅದು ದಾಟಿದ್ದರೆ ಪರೀಕ್ಷೆಯನ್ನು ಅಲ್ಲಿಗೇ ಮುಗಿಸುವುದು ಕ್ಷೇಮ. ಎರಡನೆಯದಾಗಿ ಚೀಲವು ಹರಿದಿದೆಯೆ ಎಂಬುದು. ಮೂರನೆಯದಾಗಿ ಒಳಗಿನ ಬರಫದ ರೂಪ: ಮೀನಿಗೆ ಹತ್ತಿಕೊಂಡ ಗಾಜಿನಂಥ ತೆಳು ಹೊದಿಕೆಯಾದರೆ ಅದು ಕಾರ್ಖಾನೆಯವರೇ ಒಣಗದಿರಲೆಂದು ಕೊಟ್ಟ ನೀರಿನ ಲೇಪ, ಒಳ್ಳೆಯದು. ಚೀಲದ ಮೂಲೆಯಲ್ಲಿ ಹಿಟ್ಟಿನಂತೆ ಹಿಮ ತುಂಬಿದ್ದರೆ ಶೈತ್ಯವು ಏರಿಳಿದಿದೆ. ಬಿಡಿಬಿಡಿಯಾಗಿದ್ದ ಸಿಗಡಿಗಳು ಒಂದೇ ಗಡ್ಡೆಯಾಗಿದ್ದರೆ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿವೆ ಎಂದರ್ಥ. ನಾಲ್ಕನೆಯದಾಗಿ ಮೀನಿನ ಮೈಮೇಲಿನ ಬಿಳುಪಾದ ಒಣ ಮಚ್ಚೆಗಳು. ಹಿಮವು ನೀರಾಗದೆ ನೇರವಾಗಿ ಆವಿಯಾದುದರ ಗುರುತು ಅದು. ರುಚಿಗೆ ಕೇಡು, ಆರೋಗ್ಯಕ್ಕಲ್ಲ. ಆ ಭಾಗವನ್ನು ಕೆತ್ತಿ ತೆಗೆದು ಉಳಿದುದನ್ನು ಹುಣಸೆಹುಳಿಯ ಸಾರಿಗೆ ಬಳಸಬಹುದು. ಸಿಗಡಿಯ ಚಿಪ್ಪಿನ ಮೇಲಿನ ಕಪ್ಪು ಕಲೆಗಳೂ ಕಿಣ್ವದ ಕೆಲಸ. ಅವು ಹಳತಾದುದನ್ನು ಸೂಚಿಸುತ್ತವೆ, ತಾವೇ ವಿಷವಲ್ಲ.

ಕೊನೆಯ ತೀರ್ಪು ಕರಗಿದ ಮೇಲೆ. ಕರಗಿಸುವುದನ್ನು ಒಲೆಯ ಪಕ್ಕದ ಕಟ್ಟೆಯ ಮೇಲೆ ಮಾಡತಕ್ಕದ್ದಲ್ಲ. ರಾತ್ರಿ ಪೆಟ್ಟಿಗೆಯ ಕೆಳಗಿನ ಅರೆಯಲ್ಲಿ ತಟ್ಟೆಯೊಳಗಿಟ್ಟರೆ ಬೆಳಿಗ್ಗೆಗೆ ಸಿದ್ಧವಾಗುತ್ತದೆ. ಗಾಳಿಯನ್ನು ತೆಗೆದು ಬಿಗಿದ ಪೊಟ್ಟಣವಾದರೆ ಮೊದಲೇ ಕತ್ತರಿಸಿ ತೆರೆದಿಡಬೇಕು. ಗಾಳಿಯಿಲ್ಲದೆಡೆಯಲ್ಲಿ ಬೆಳೆದು ಘೋರ ವಿಷವನ್ನುಂಟುಮಾಡುವ ಬ್ಯಾಕ್ಟೀರಿಯವೊಂದಿದೆ. ಕರಗಿದ ಮೀನಿಗೆ ಸಮುದ್ರದ ತೆಳುವಾದ ವಾಸನೆ ಮಾತ್ರವಿರಬೇಕು. ಹುಳಿ ವಾಸನೆ, ಮೂಗಿಗೆ ಚುಚ್ಚುವ ಅಮೋನಿಯದ ಘಾಟು, ಹಳೆಯ ಎಣ್ಣೆಯ ಕಮಟು, ಕೈಗಂಟುವ ಲೋಳೆ, ಒತ್ತಿದರೆ ಮುದ್ದೆಯಾಗುವ ಮಾಂಸ, ಇವುಗಳಲ್ಲಿ ಒಂದಿದ್ದರೂ ಆ ಮೀನು ಅಡುಗೆಗೆ ಸಲ್ಲದು. ಸಂಶಯವನ್ನು ಪರಿಹರಿಸಲು ನಾಲಗೆಗೆ ಹಚ್ಚಿ ನೋಡುವ ಅಭ್ಯಾಸವನ್ನು ಕೂಡಲೇ ಬಿಡಬೇಕು.

ಮೂಗು ಒಪ್ಪಿದ ಮಾತ್ರಕ್ಕೆ ಎಲ್ಲವೂ ಸರಿಯೆಂದಲ್ಲ. ಬಂಗಡೆ, ಸುರಮಯಿ, ಭೂತಾಯಿಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ವಸ್ತು ವಿಶೇಷವಾಗಿದೆ. ಹೆಪ್ಪುಗಟ್ಟುವ ಮೊದಲು ಅಥವಾ ಕರಗಿದ ಮೇಲೆ ಮೀನು ಬೆಚ್ಚಗಿದ್ದರೆ ಬ್ಯಾಕ್ಟೀರಿಯಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಹಿಮದಿಂದಲೂ ಹೋಗದು, ಬೇಯಿಸಿದರೂ ಹೋಗದು, ಹುರಿದರೂ ಹೋಗದು. ವಾಸನೆಯಿಂದ ಪತ್ತೆಯಾಗದೆಯೂ ಇರಬಹುದು. ಅಂಥ ಮೀನನ್ನು ಉಂಡವರಿಗೆ ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಮುಖ ಕೆಂಪೇರುತ್ತದೆ, ಮೈಮೇಲೆ ದದ್ದೇಳುತ್ತದೆ, ತಲೆನೋವು, ವಾಂತಿ, ಭೇದಿ ಕಾಣಿಸಿಕೊಳ್ಳುತ್ತವೆ. ಉಸಿರಾಟಕ್ಕೆ ಕಷ್ಟವಾದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. “ಚೆನ್ನಾಗಿ ಕುದಿಸಿದರೆ ಎಲ್ಲವೂ ಸತ್ತುಹೋಗುತ್ತದೆ” ಎಂಬ ನಂಬಿಕೆ ಇಲ್ಲಿ ನೆರವಿಗೆ ಬರುವುದಿಲ್ಲ.

ಹೀಗೆ ನೋಡಿದರೆ ಅತ್ತೆ ಸೊಸೆಯರ ವಾದದಲ್ಲಿ ಪ್ರಶ್ನೆಯೇ ತಪ್ಪಾಗಿದೆ. ಮೀನಿಗೆ ಎಷ್ಟು ತಿಂಗಳಾಯಿತೆಂಬುದು ಎರಡನೆಯ ಮಾತು. ಅಷ್ಟು ದಿನವೂ ಅದು ಗಟ್ಟಿಯಾಗಿಯೇ ಇತ್ತೆ ಎಂಬುದು ಮೊದಲನೆಯದು. ಎಂಟು ತಿಂಗಳು ಅಲುಗದೆ ಹಿಮದಲ್ಲಿದ್ದ ಬಿಳಿ ಮೀನು, ಎರಡು ವಾರದ ಹಿಂದೆ ರೈಲಿನಲ್ಲಿ ಕರಗಿ ಮತ್ತೆ ಗಟ್ಟಿಯಾದ ಬಂಗಡೆಗಿಂತ ಮೇಲು.

ಕರೆಂಟು ಹೋದ ಮೇಲೆ ಮೀನಿನೊಳಗೆ ಇನ್ನೂ ಹಿಮದ ಹರಳುಗಳಿದ್ದರೆ ಅಥವಾ ಅದು 4 ಡಿಗ್ರಿಗಿಂತ ತಣ್ಣಗಿದ್ದರೆ ಮತ್ತೆ ಹೆಪ್ಪುಗಟ್ಟಿಸಬಹುದು. ರುಚಿ ಕುಗ್ಗುತ್ತದೆ, ಅಷ್ಟೆ. ಅದೇ ದಿನ ಬೇಯಿಸಿಬಿಡುವುದು ಇನ್ನೂ ಉತ್ತಮ. ಅದಕ್ಕಿಂತ ಬೆಚ್ಚಗೆ ಎರಡು ಗಂಟೆ ಕಳೆದಿದ್ದರೆ ಬಿಡಬೇಕು. ಬೀದರ ಸೀಮೆಯ ಬೇಸಗೆಯಲ್ಲಿ, ಕೋಣೆಯ ಬಿಸಿ 32 ಡಿಗ್ರಿ ದಾಟಿದ ದಿನ, ಒಂದೇ ಗಂಟೆ. ಬಸುರಿಯರು, ಎಳೆಯ ಮಕ್ಕಳು, ವೃದ್ಧರು ಇರುವ ಮನೆಯಲ್ಲಿ ಸಂಶಯವೇ ತೀರ್ಪೆಂದು ತಿಳಿಯಬೇಕು. ಎಸೆಯುವುದನ್ನು ಬೆಕ್ಕಿನ ಮುಂದೆ ಹಾಕದೆ ಮಣ್ಣಿನಲ್ಲಿ ಹೂಳುವುದು ಉಚಿತ.

ಎಸೆಯುವ ಪ್ರಸಂಗವೇ ಬಾರದಂತೆ ಮಾಡುವುದು ಜಾಣ್ಮೆ. ದೂರದಿಂದ ತರುವಾಗ ಬರಫ ತುಂಬಿದ ಥರ್ಮಾಕೋಲ್ ಡಬ್ಬಿಯಿರಲಿ, ಮೀನಿನ ಖರೀದಿ ಪೇಟೆಯ ಕೆಲಸಗಳಲ್ಲಿ ಕೊನೆಯದಾಗಿರಲಿ. ಮನೆಗೆ ತಂದೊಡನೆ ಒಂದೊಂದು ಊಟಕ್ಕಾಗುವಷ್ಟು ತುಂಡುಗಳನ್ನು ಬೇರೆ ಬೇರೆ ಚೀಲಗಳಲ್ಲಿ ಗಾಳಿಯಿಲ್ಲದಂತೆ ಒತ್ತಿ ಕಟ್ಟಿ, ಮೀನಿನ ಹೆಸರನ್ನೂ ತಾರೀಖನ್ನೂ ಬರೆದು ಅಂಟಿಸಬೇಕು. ಕರಗಿದ್ದರೆ ಕಟ್ಟಿಡದೆ ಅಂದೇ ಅಡುಗೆ ಮಾಡಬೇಕು. ಹೊಸದನ್ನು ಕೆಳಗೂ ಹಳೆಯದನ್ನು ಮೇಲೂ ಇಡಬೇಕು. ಹಾಲಿನ ಲೆಕ್ಕವನ್ನು ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿ, ಮೂರು ತಿಂಗಳಾಚೆಯ ಮನೆಯಲ್ಲಿ “ಬಂಗಡೆ” ಎಂದು ಒಂದು ಮಾತು ಬರೆದಿಟ್ಟರೆ, ಅಳಿಯ ಬರಲಿ ಬಾರದಿರಲಿ, ಆ ದಿನದೊಳಗೆ ಮನೆಯಲ್ಲಿ ಮೀನಿನ ಊಟ ಆಗಿಯೇ ತೀರುತ್ತದೆ.